ಪಲ್ಪಿಂಗ್ ಕಸ: ಗುಡ್ಡೆಗೆ ಯಾವುದು, ಬೆಂಕಿಗೆ ಯಾವುದು

ಚಿಕ್ಕಮಗಳೂರು ಕಡೆ ಅರೇಬಿಕಾ ಕಾಫಿ ಕೊಯ್ಲು ಶುರುವಾದರೆ ತೋಟದಲ್ಲಿ ನಾಲ್ಕೈದು ಥರದ ಕಸ ಒಟ್ಟಿಗೇ ಏಳುತ್ತದೆ. ಎಲ್ಲವನ್ನೂ ಒಂದೇ ಗುಂಡಿಗೆ ಸುರಿದರೆ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಹೆಚ್ಚು ಬೀಳುವುದು ಹಣ್ಣಿನ ಸಿಪ್ಪೆ: 100 ಕೆಜಿ ಹಣ್ಣಿಗೆ ಸುಮಾರು 40 ಕೆಜಿ. ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಕೆಳಗೆ ಇಳಿಜಾರಾಗಿ ಜಾಲರಿ ಇಟ್ಟು ಸಿಪ್ಪೆಯನ್ನು ನೀರಿನಿಂದ ತಕ್ಷಣ ಬೇರೆ ಮಾಡುತ್ತೇನೆ. ನೆನೆದಷ್ಟೂ ಅದರ ಪೊಟ್ಯಾಷ್ ನೀರುಪಾಲು. ಒಂದೆರಡು ದಿನ ಸೋರಲು ಬಿಟ್ಟು, ನೆರಳಲ್ಲಿ 5 ಅಡಿ ಅಗಲ, 4 ಅಡಿ ಎತ್ತರಕ್ಕೆ ಗುಡ್ಡೆ ಹಾಕುವುದು. ಒಂದಡಿ ಸಿಪ್ಪೆ, ಅದರ ಮೇಲೆ ಅರ್ಧ ಅಡಿ ದರಗು (ಒಣಗಿ ಉದುರಿದ ಎಲೆ), ಸಗಣಿ ಬಗ್ಗಡ, ಒಂದೆರಡು ಬೊಗಸೆ ರಾಕ್ ಫಾಸ್ಫೇಟ್ (ರಂಜಕದ ಕಲ್ಲಿನ ಪುಡಿ), ಮತ್ತೆ ಸಿಪ್ಪೆ. ದರಗಿನಲ್ಲಿ ಜಿಪುಣತನ ಬೇಡ. ಬರೀ ಸಿಪ್ಪೆ ಒತ್ತಿಕೊಂಡು ಗಾಳಿಯಾಡದೆ ಹುಳಿ ನಾತ ಹೊಡೆಯುತ್ತದೆ, ನೊಣ ಮುತ್ತುತ್ತವೆ.

ವಾರದೊಳಗೆ ಗುಡ್ಡೆ ಕಾಯಬೇಕು. ನಡುವೆ ಕಬ್ಬಿಣದ ಸರಳು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ನಂತರ ಎಳೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ತಣ್ಣಗಿದ್ದರೆ ಒಂದು ಹಿಡಿ ತೆಗೆದು ಹಿಂಡಿ ನೋಡಿ. ನೀರು ಸುರಿದರೆ ದರಗು ಸೇರಿಸಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಇಣುಕಿದರೆ ಹದ ಸರಿ, ಮಗುಚಿದರೆ ಸಾಕು. ಒಳಗೆ ಬೂದಿಯಂಥ ಬಿಳಿ ಪುಡಿ ಕಂಡರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಮೂರು ವಾರಕ್ಕೊಮ್ಮೆ ಮಗುಚಿದರೆ ನಾಲ್ಕು ತಿಂಗಳ ಹೊತ್ತಿಗೆ ಕಪ್ಪು ಗೊಬ್ಬರ. ಮುಂಗಾರಿಗೆ ಮುಂಚೆ ಬುಡಕ್ಕೆ ಹೋಗದೆ ಉಳಿದದ್ದಕ್ಕೆ ಟಾರ್ಪಾಲು ಕಡ್ಡಾಯ. ಮಲೆನಾಡಿನ ಮಳೆಗೆ ಬಿಟ್ಟರೆ ಸತ್ವವೆಲ್ಲ ತೊಳೆದು ಹೋಗುತ್ತದೆ.

ಸಿಪ್ಪೆ ಸುಲಿದ ಬೀಜದ ಲೋಳೆ ತೊಳೆದ ನೀರು ಹುಳಿ, ಪಿಎಚ್ 4ರ ಆಸುಪಾಸು. ಹಳ್ಳಕ್ಕೆ ಬಿಟ್ಟರೆ ಅದರ ಸಕ್ಕರೆ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ತೊಟ್ಟಿಯಲ್ಲಿ ನಿಲ್ಲಿಸಿ, ಪಿಎಚ್ ಕಾಗದ 7 ತೋರಿಸುವವರೆಗೆ ಸುಣ್ಣದ ತಿಳಿ ಕಲಸಬೇಕು. ಇದು ಮೊದಲ ಹಂತವಷ್ಟೇ. ಅಷ್ಟಕ್ಕೇ ಹಳ್ಳಕ್ಕೆ ಬಿಡಬಹುದು ಎಂದುಕೊಳ್ಳುವವರೇ ಜಾಸ್ತಿ. ಸಕ್ಕರೆ ಇನ್ನೂ ಹಾಗೇ ಇರುತ್ತದೆ.

ಗುಡ್ಡೆಗೆ ಸೇರಬಾರದ್ದೂ ಇದೆ. ಬೆರ್ರಿ ಬೋರರ್ (ಕಾಯಿಕೊರಕ ಹುಳ) ಕೊರೆದ ಹಣ್ಣನ್ನು ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಅದ್ದದೆ ಎಲ್ಲೂ ಹಾಕಬೇಡಿ. ಗುಡ್ಡೆಯ ಅಂಚು ಕಾಯುವುದಿಲ್ಲ, ಹುಳ ಅಲ್ಲೇ ಬದುಕುತ್ತದೆ. ಕಾಂಡಕೊರಕ ಬಿದ್ದ ಗಿಡ ಕಿತ್ತು ಸುಡಲಿಕ್ಕೇ. ಔಷಧಿ ಬಾಟಲಿ ಮಾತ್ರ ಸುಡಬಾರದು: ಸಿಂಪರಣೆ ದಿನವೇ ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇಯರ್‌ಗೇ ಸುರಿದು, ತಳಕ್ಕೆ ತೂತು ಹೊಡೆದು ಬೇರೆ ಚೀಲದಲ್ಲಿ ಕಟ್ಟಿಡಿ. ತೂತಿಲ್ಲದ ಬಾಟಲಿ ಯಾವುದಾದರೂ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಮನೆ) ಸೀಮೆಎಣ್ಣೆಗೋ ಕುಡಿಯುವ ನೀರಿಗೋ ಬಳಕೆಗೆ ಬಂದುಬಿಡುತ್ತದೆ.