ಬಿ.ಎ. ರಾಜ್ಯಶಾಸ್ತ್ರ: ಗೈಡ್ ಬದಿಗಿಟ್ಟು ಒಂದು ಪ್ರಕರಣ ಹಿಡಿದು ಓದುವುದು ಹೇಗೆ

ಗೈಡ್ ಉರುಹೊಡೆದರೆ ಪಾಸೇನೋ ಆಗಬಹುದು, ವಿಷಯ ತಲೆಗೆ ಹತ್ತುವುದಿಲ್ಲ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಪ್ರಕರಣ ಹಿಡಿದು ಮೂಲ ದಾಖಲೆಗೇ ಹೋಗಿ. ಬೆಂಗಳೂರಿನಲ್ಲಿ ಓದುವವರು ಎಸ್.ಆರ್. ಬೊಮ್ಮಾಯಿ ಪ್ರಕರಣದಿಂದ ಶುರುಮಾಡುವುದು ಒಳ್ಳೆಯದು. 1989ರ ಏಪ್ರಿಲ್ 21ರಂದು ವಜಾಗೊಂಡದ್ದು ನಮ್ಮದೇ ರಾಜ್ಯದ ಸರ್ಕಾರ, ಬೊಮ್ಮಾಯಿ ಆಗ ಮುಖ್ಯಮಂತ್ರಿ.

ಮೊದಲು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ, ಸಂವಿಧಾನದ 356ನೇ ವಿಧಿಯನ್ನಷ್ಟೇ ಓದಿ, ವ್ಯಾಖ್ಯಾನ ಆಮೇಲೆ. ಯಾರು, ಯಾವಾಗ, ಎಷ್ಟು ಕಾಲ ಎಂಬುದನ್ನು ಒಂದು ಹಾಳೆಗೆ ಇಳಿಸಿ. ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕರೆ ಒಮ್ಮೆಗೆ ಆರು ತಿಂಗಳು, ಒಟ್ಟು ಮೂರು ವರ್ಷ ಮೀರುವಂತಿಲ್ಲ. ರಾಜ್ಯಪಾಲರ ವರದಿ ಬಂದೇ ತೀರಬೇಕು ಎಂದು ಬಹಳ ಮಂದಿ ಬರೆಯುತ್ತಾರೆ, ಅದು ತಪ್ಪು. ವರದಿ ಇಲ್ಲದೆಯೂ ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು ಎಂದು ವಿಧಿಯೇ ಹೇಳುತ್ತದೆ.

ಮುಂದಿನದು ಸಂವಿಧಾನ ರಚನಾ ಸಭೆಯ ಚರ್ಚೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ 356 ಎಂದು ಹುಡುಕಿದರೆ ಬೇಕಾದದ್ದು ಸಿಗದು, ಏಕೆಂದರೆ ಕರಡಿನಲ್ಲಿ ಇದರ ಸಂಖ್ಯೆ 278. 1949ರ ಆಗಸ್ಟ್ 3 ಮತ್ತು 4ರ ಕಲಾಪ ತೆಗೆಯಿರಿ. ಈ ವಿಧಿ ಬಳಕೆಗೇ ಬರದಿರಲಿ ಎಂದು ಅಂಬೇಡ್ಕರ್ ಆಶಿಸಿದ್ದು ಅಲ್ಲೇ. ಆಕ್ಷೇಪಿಸಿದ ಸದಸ್ಯರ ಮಾತನ್ನೂ ಬಿಡಬೇಡಿ. ಉತ್ತರಕ್ಕೆ ತೂಕ ಬರುವುದು ಅದರಿಂದಲೇ.

ಕೊನೆಗೆ ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1994ರ ಮಾರ್ಚ್ 11ರ ತೀರ್ಪು. ಒಂಬತ್ತು ನ್ಯಾಯಮೂರ್ತಿಗಳ ಪೀಠ, ಆರು ಪ್ರತ್ಯೇಕ ಅಭಿಪ್ರಾಯಗಳು. ಮೊದಲ ಪುಟದಿಂದ ಹೊರಟವರು ಅರ್ಧದಲ್ಲೇ ಕೈಬಿಡುತ್ತಾರೆ. ಕರ್ನಾಟಕದ ಘಟನಾವಳಿಯ ಭಾಗ ಓದಿ, ನೇರ ಪ್ರತಿಯೊಬ್ಬರ ತೀರ್ಮಾನಕ್ಕೆ ಹಾರಿ. ನಾಲ್ಕು ಕಾಲಂ ಹಾಕಿ: ಬಹುಮತ ಸದನದಲ್ಲೇ ಸಾಬೀತಾಗಬೇಕೇ, ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೇ, ಸಂಸತ್ತು ಒಪ್ಪುವ ಮೊದಲೇ ವಿಧಾನಸಭೆ ವಿಸರ್ಜಿಸಬಹುದೇ, ಜಾತ್ಯತೀತತೆಯ ಸ್ಥಾನವೇನು. ಯಾರು ಯಾರೊಡನೆ ಒಪ್ಪಿದ್ದಾರೆಂದು ಗುರುತಿಸಿದಾಗಲೇ ಬಹುಮತದ ಅಭಿಪ್ರಾಯ ತಿಳಿಯುವುದು. ‘ಬೊಮ್ಮಾಯಿ ಗೆದ್ದರು’ ಎಂದಷ್ಟೇ ಬರೆದು ನಿಲ್ಲಿಸಬೇಡಿ: ಕರ್ನಾಟಕದ ವಜಾ ಅಸಾಂವಿಧಾನಿಕ ಎಂದಾಯಿತು, ಆದರೆ ಅಷ್ಟರಲ್ಲಿ ಚುನಾವಣೆ ಮುಗಿದು ಹೋಗಿತ್ತು, ಸರ್ಕಾರ ಮರಳಲಿಲ್ಲ. ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ವಜಾಗಳನ್ನು ಎತ್ತಿಹಿಡಿಯಿತು.

ಸ್ಥಳೀಯ ಸರ್ಕಾರದ ಅಧ್ಯಾಯಕ್ಕೂ ಇದೇ ದಾರಿ. 243ಯು ವಿಧಿಯ ಪ್ರಕಾರ ನಗರಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಬೆಂಗಳೂರಿನ ನಗರಪಾಲಿಕೆಯಾಗಿದ್ದ ಬಿಬಿಎಂಪಿಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಏನಾಯಿತೆಂದು ನಿಮ್ಮ ವಾರ್ಡನ್ನೇ ಇಟ್ಟುಕೊಂಡು ಒಂದು ಪುಟ ಬರೆಯಿರಿ.

ಪರೀಕ್ಷೆಯಲ್ಲಿ ಪೀಠಿಕೆಗೆ ಎರಡು ವಾಕ್ಯ ಸಾಕು. ಆಮೇಲೆ ವಿಧಿ, ಪ್ರಕರಣ, ಎದುರು ವಾದ, ನಿಮ್ಮ ನಿಲುವು, ಇದೇ ಕ್ರಮ. ಅಂಕ ಸೋರುವುದು ಹೆಚ್ಚಾಗಿ ಎದುರು ವಾದ ಇಲ್ಲದೆ ನಿಲುವಿಗೆ ಹಾರಿದಾಗ, ಇಲ್ಲವೇ ಟಿವಿ ಚರ್ಚೆಯ ಧಾಟಿಯಲ್ಲಿ ಪಕ್ಷಗಳನ್ನು ಬೈದಾಗ.