ಮುತ್ತಜ್ಜನ ಹೆಸರಲ್ಲ, ನಂಬರ್ ದಾರಿ ತೋರಿಸಿತು

ನಮ್ಮ ಮುತ್ತಜ್ಜ ‘ಜರ್ಮನ್ ಯುದ್ಧಕ್ಕೆ’ ಹೋಗಿ ಬಂದವರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹಡಗಿನಲ್ಲಿ ಹೋದರಂತೆ, ಕುದುರೆ ಓಡಿಸುತ್ತಿದ್ದರಂತೆ, ಅಲ್ಲಿ ಒಂಟೆ ನೋಡಿದ್ದರಂತೆ. ಇಷ್ಟೇ ಕಥೆ. ಯಾವ ಪಡೆ, ಯಾವ ವರ್ಷ, ಯಾರಿಗೂ ಗೊತ್ತಿಲ್ಲ. ಫೋಟೋ ಒಂದೂ ಇಲ್ಲ. ಅಪ್ಪನಿಗೆ ಎರಡು ವರ್ಷವಿದ್ದಾಗಲೇ ಅವರು ತೀರಿಕೊಂಡಿದ್ದರು. ತನ್ನ ತಾತ ಹೇಗಿದ್ದರು ಅಂತ ಅಪ್ಪನಿಗೂ ನೆನಪಿಲ್ಲ. ಅವರು ಇರುವಾಗಲೇ ಏನಾದರೂ ಹುಡುಕಿ ಕೊಡಬೇಕು ಅಂತ ನಾನು ಹೊರಟೆ.

ಮೊದಲ ವರ್ಷ ಪೂರ್ತಿ ತಪ್ಪು ಜಾಗದಲ್ಲಿ ಕಳೆಯಿತು. ಸೈನ್ಯ ಅಂದರೆ ಒಂದೇ ಅಂದುಕೊಂಡು ಒಂದು ಕಚೇರಿಗೆ ಪತ್ರ ಬರೆದೆ. ಏಳು ತಿಂಗಳ ಮೇಲೆ ‘ದಾಖಲೆ ಲಭ್ಯವಿಲ್ಲ’ ಅಂತ ಒಂದು ಸಾಲಿನ ಉತ್ತರ ಬಂತು. ಅಷ್ಟರಲ್ಲಿ ಅದೇ ಹೆಸರಿನ ಇನ್ನೊಬ್ಬ ಸಿಪಾಯಿ ನನಗೆ ಸಿಕ್ಕಿದ್ದ. ಅವನೇ ನಮ್ಮವನು ಅಂತ ನಂಬಿ ಎಷ್ಟೋ ದಿನ ಓದಿದೆ. ಅವನು ಯಾರೋ ಬೇರೆ ಮನೆಯವರ ಮುತ್ತಜ್ಜ.

ನನಗೆ ಆಗ ಗೊತ್ತಿರದ ಸಂಗತಿ ಇದು: 1914ರಲ್ಲಿ ಇಲ್ಲಿ ಎರಡು ಬಗೆಯ ಸೈನ್ಯ ಇತ್ತು. ಒಂದು ಬ್ರಿಟಿಷ್ ಸರ್ಕಾರದ ಇಂಡಿಯನ್ ಆರ್ಮಿ. ಇನ್ನೊಂದು ಸಂಸ್ಥಾನಗಳ ಪಡೆ. ಮೈಸೂರು, ಹೈದರಾಬಾದ್, ಜೋಧಪುರದಂಥ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧ ಬಂದಾಗ ಬ್ರಿಟಿಷರ ನೆರವಿಗೆ ಕಳಿಸುತ್ತಿದ್ದ ಪಡೆಗಳಿಗೆ ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಅಂತ ಹೆಸರು. ಹಿರಿಯರು ಯಾರ ಸಂಬಳ ತಿಂದರೋ ಅವರ ದಫ್ತರಗಳಲ್ಲೇ ಅವರ ಕಾಗದವೂ ಉಳಿಯುತ್ತದೆ. ಇದು ತಿಳಿಯದೆ ಹುಡುಕಿದರೆ ಸುಮ್ನೆ ಕಾಲ ಕಳೆಯುತ್ತದೆ ಅಷ್ಟೆ.

ದಾರಿ ತೋರಿಸಿದ್ದು ಚಿಕ್ಕಪ್ಪನ ಮನೆಯ ಟ್ರಂಕಿನಲ್ಲಿದ್ದ ಒಂದು ಕಂಚಿನ ಮೆಡಲ್. ಬೆಳ್ಳಿಯದೂ ಒಂದು ಇತ್ತಂತೆ. ಅದನ್ನು ಕರಗಿಸಿ ಯಾವುದೋ ಮಗುವಿಗೆ ಕಾಲ್ಗೆಜ್ಜೆ ಮಾಡಿಸಿದರಂತೆ. ಕಂಚನ್ನು ಅಕ್ಕಸಾಲಿ ಕೇಳಲಿಲ್ಲ, ಅದಕ್ಕೇ ಉಳಿಯಿತು. ನಕ್ಷತ್ರದ ಆಕಾರ, ನಡುವೆ ‘1914-15’. ಹುಣಸೆಹಣ್ಣು ಹಾಕಿ ತಿಕ್ಕೋಣ ಅಂತ ಚಿಕ್ಕಮ್ಮ ಹೊರಟಿದ್ದರು. ನಾನು ಕೈ ಹಿಡಿದು ತಡೆದೆ. ದಯವಿಟ್ಟು ಹಳೆಯ ಮೆಡಲ್ ತಿಕ್ಕಬೇಡಿ. ಅದರ ಮೇಲೆ ಒತ್ತಿರುವ ಅಕ್ಷರ ಸವೆದುಹೋದರೆ ಮತ್ತೆ ಸಿಗುವುದಿಲ್ಲ. ಈ ನಕ್ಷತ್ರದ ಹಿಂಬದಿಯಲ್ಲಿ ಅಕ್ಷರ ಇರುತ್ತದೆ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್‌ಗಳಲ್ಲಾದರೆ ಅಂಚಿನ ಮೇಲೆ.

ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದಾಗ ಅಕ್ಷರಗಳು ನೆರಳಿನಿಂದ ಎದ್ದು ಕಂಡವು. ಒಂದು ಸೇವಾ ನಂಬರ್, ಆಮೇಲೆ ‘ಸವಾರ್’, ಆಮೇಲೆ ಮುತ್ತಜ್ಜನ ಹೆಸರು, ಕೊನೆಗೆ ‘ಮೈಸೂರ್ ಐ.ಎಸ್. ಲ್ಯಾನ್ಸರ್ಸ್’. ಆ ‘ಐ.ಎಸ್.’ ಅನ್ನುವುದೇ ಇಂಪೀರಿಯಲ್ ಸರ್ವಿಸ್. ಲ್ಯಾನ್ಸರ್ಸ್ ಅಂದರೆ ಈಟಿ ಹಿಡಿದ ಕುದುರೆ ಪಡೆ. ಆ ಹೊತ್ತು ನನ್ನ ಕೈ ನಡುಗಿತ್ತು, ಸುಳ್ಳು ಹೇಳುವುದಿಲ್ಲ.

ಮೆಡಲ್ ಇನ್ನೂ ಒಂದು ವಿಷಯ ಹೇಳಿತು. 1915ರ ಡಿಸೆಂಬರ್ 31ರೊಳಗೆ ರಣರಂಗಕ್ಕೆ ಇಳಿದವರಿಗೆ ಮಾತ್ರ ಈ ನಕ್ಷತ್ರ ಸಿಗುತ್ತಿತ್ತು. ಅಂದರೆ ಮುತ್ತಜ್ಜ ಮೊದಮೊದಲೇ ಹೋದವರು. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೊರಟಿತ್ತು. ಸೂಯೆಜ್ ಕಾಲುವೆ ಕಾಯಿತು. ಆಮೇಲೆ ಪ್ಯಾಲೆಸ್ಟೈನ್. ಎದುರಿಗೆ ಇದ್ದದ್ದು ಹೆಚ್ಚಾಗಿ ತುರ್ಕರು. ಮನೆಯವರು ಹೇಳುತ್ತಿದ್ದ ‘ಜರ್ಮನ್ ಯುದ್ಧ’ ಯುದ್ಧದ ಹೆಸರೇ ಹೊರತು ಜಾಗದ ಹೆಸರಲ್ಲ. ಒಂಟೆಯ ಮಾತು ಮಾತ್ರ ನಿಜ. ಅಜ್ಜಿಯರು ಹೇಳುವ ಇಂಥ ಚಿಕ್ಕ ವಿವರವನ್ನು ಬರೆದಿಟ್ಟುಕೊಳ್ಳಿ. ಊರಿನ ಹೆಸರು ತಪ್ಪಬಹುದು, ಒಂಟೆ ತಪ್ಪುವುದಿಲ್ಲ.

ಹೆಸರಿನ ಮೇಲೆ ಮಾತ್ರ ಭಾರ ಹಾಕಬೇಡಿ. ಆ ಕಾಲದ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ‘ರಾವ್’ ಅನ್ನುವುದನ್ನೇ ಹಳೆಯ ಕಾಗದಗಳಲ್ಲಿ ಆರ್-ಒ-ಡಬ್ಲ್ಯು ಅಂತಲೂ ಬರೆಯುತ್ತಿದ್ದರು. ನಮ್ಮ ಮುತ್ತಜ್ಜನ ಹೆಸರು ನನಗೆ ನಾಲ್ಕು ರೂಪದಲ್ಲಿ ಸಿಕ್ಕಿದೆ. ನಂಬರ್ ಒಂದೇ.

ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರುವಾದದ್ದು. ಅವರ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಮಹಾಯುದ್ಧಕ್ಕೆ ಸಂಬಂಧಿಸಿ ಅದರಲ್ಲಿ ಇರುವುದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸತ್ತವರು ಮಾತ್ರ. ನಮ್ಮವರು ಬದುಕಿ ಬಂದರಲ್ಲ, ನೋಡಿ ಏನು ಪ್ರಯೋಜನ ಅಂತ ನಾನು ಮೊದಲು ಬಿಟ್ಟಿದ್ದೆ. ಅದು ತಪ್ಪು. ಅವರ ಜೊತೆ ಇದ್ದು ಸತ್ತವರ ವಿವರವೂ ನಮಗೆ ದಾರಿಯಾಗುತ್ತದೆ. ಕೆಲವರ ಮುಂದೆ ಸೇವಾ ನಂಬರ್ ಇದೆ, ತಂದೆಯ ಹೆಸರಿದೆ, ಊರು-ತಾಲ್ಲೂಕು ಇದೆ. ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿ ನಮ್ಮವರ ನಂಬರಿನ ಜೊತೆ ಹೋಲಿಸಿದೆ. ಭರ್ತಿಯಾದ ಕ್ರಮದಲ್ಲೇ ನಂಬರ್ ಕೊಟ್ಟಿದ್ದರೆ, ಮುತ್ತಜ್ಜ ಯುದ್ಧಕ್ಕೆ ಕೆಲವು ವರ್ಷ ಮೊದಲೇ ಸೈನ್ಯಕ್ಕೆ ಭರ್ತಿಯಾಗಿರಬೇಕು ಅಂತ ಅಂದಾಜಾಯಿತು. ಸಮಾಧಿ ಸಿಗದವರ ಹೆಸರುಗಳನ್ನು ಸೂಯೆಜ್ ಹತ್ತಿರದ ಪೋರ್ಟ್ ತೌಫಿಕ್ ಸ್ಮಾರಕದಲ್ಲಿ ಕೊರೆದಿದ್ದರು. ಮುಂದಿನ ಯುದ್ಧಗಳಲ್ಲಿ ಅದು ಹಾಳಾಯಿತು. 1980ರಲ್ಲಿ ಕೈರೋದ ಹೆಲಿಯೊಪೊಲಿಸ್‌ನಲ್ಲಿ ಹೊಸದು ಕಟ್ಟಿದರು. ಯಾರ ಮನೆಯಲ್ಲೂ ನೆನಪಿಲ್ಲದ ಎಷ್ಟು ಹೆಸರು ಅಲ್ಲಿ ಇವೆಯೋ. ಆ ಪಟ್ಟಿ ಬರೆಯುವಾಗ ನಡುನಡುವೆ ನಿಲ್ಲಿಸಿ ಸುಮ್ನೆ ಕೂತಿದ್ದೇನೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ, ಅಂದರೆ ಅಲ್ಲಿಂದ ಭಾರತದ ಆಡಳಿತ ನೋಡುತ್ತಿದ್ದ ಸರ್ಕಾರಿ ಇಲಾಖೆಯ, ಕಾಗದಗಳಿವೆ. ಅಲ್ಲಿ ಅಧಿಕಾರಿಗಳದ್ದು ಜಾಸ್ತಿ, ಸವಾರರದ್ದು ಕಡಿಮೆ. ಪಡೆಗಳ ಯುದ್ಧ ದಿನಚರಿಗಳು ಲಂಡನ್ನಿನದೇ ಕ್ಯೂ ಅನ್ನುವ ಜಾಗದಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ‘ಡಬ್ಲ್ಯುಒ 95’ ಅನ್ನುವ ಸಾಲಿನಲ್ಲಿ. ನಮ್ಮ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಅನ್ನುವ ಜಾಲತಾಣವನ್ನು ಮನೆಯಿಂದಲೇ ನೋಡಬಹುದು. ಪಂಜಾಬಿನವರ ಅದೃಷ್ಟ ದೊಡ್ಡದು. ಲಾಹೋರ್ ಮ್ಯೂಸಿಯಂನಲ್ಲಿ ಸುಮಾರು 3.2 ಲಕ್ಷ ಸೈನಿಕರ ವಿವರ ಇರುವ ರಿಜಿಸ್ಟರುಗಳು ಉಳಿದಿವೆ, ಊರೂರಿನ ಲೆಕ್ಕದಲ್ಲಿ. ನಮಗೂ ಅಂಥದ್ದೊಂದು ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ನನಗೆ ಸಿಕ್ಕಿದ್ದು ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು. ವರದಿಯಲ್ಲಿ ಸವಾರರ ಹೆಸರಿಲ್ಲ. ಆದರೆ ಪಡೆ ಆ ವರ್ಷ ಎಲ್ಲಿತ್ತು ಅನ್ನುವುದು ತಿಳಿಯುತ್ತದೆ. ಅದನ್ನು ಒಂದು ದೊಡ್ಡ ಹಾಳೆಯಲ್ಲಿ ವರ್ಷವಾರು ಬರೆದು ಗೋಡೆಗೆ ಅಂಟಿಸಿದೆ.

ಇಲ್ಲಿ ಒಂದು ಎಚ್ಚರ ಬೇಕು. 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಊರು ಬಿತ್ತು. ಜೋಧಪುರ ಲ್ಯಾನ್ಸರ್ಸ್ ಊರಿನ ಕಡೆ ನುಗ್ಗಿದರು, ಮೈಸೂರಿನ ಒಂದು ಸ್ಕ್ವಾಡ್ರನ್, ಅಂದರೆ ಪಡೆಯ ಒಂದು ತುಕಡಿ, ಪಕ್ಕದ ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳನ್ನು ಹಿಡಿಯಿತು. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಮುತ್ತಜ್ಜ ಆ ಬೆಟ್ಟ ಹತ್ತಿದರು ಅಂತ ನಮ್ಮ ಮನೆಯಲ್ಲಿ ಆಗಲೇ ಹೇಳಲು ಶುರು ಮಾಡಿದ್ದಾರೆ. ನಾನು ಬಿಡುತ್ತಿಲ್ಲ. ಪಡೆ ಎಲ್ಲಿತ್ತು ಅನ್ನುವುದು ಒಂದು, ಆ ದಿನ ಆ ಮನುಷ್ಯ ಎಲ್ಲಿದ್ದ ಅನ್ನುವುದು ಇನ್ನೊಂದು. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿರಬಹುದು, ಹಿಂದೆ ಕುದುರೆ ಕಾಯುತ್ತಿರಬಹುದು. ಅವರು ಯಾವ ಸ್ಕ್ವಾಡ್ರನ್ ಅಂತ ಕಾಗದದಲ್ಲಿ ಸಿಗುವವರೆಗೂ ಆ ಮಾತು ಬರೆಯುವುದಿಲ್ಲ.

ಕೊನೆಯ ಕಾಗದ ಯಾವ ಪತ್ರಾಗಾರದಲ್ಲೂ ಇರಲಿಲ್ಲ. ಮುತ್ತಜ್ಜ ಕೊನೆಗಾಲದಲ್ಲಿ ಕಿರಿಮಗಳ ಮನೆಯಲ್ಲಿದ್ದರು. ಹಳೆ ಕಾಗದ ಹುಡುಕುವಾಗ ನಾವು ಗಂಡುಮಕ್ಕಳ ಮನೆಯ ಟ್ರಂಕು ಮಾತ್ರ ತೆಗೆಯುತ್ತೇವೆ. ಹೆಣ್ಣುಮಕ್ಕಳ ಮನೆಗೂ ಹೋಗಿ ಕೇಳಿ. ಆ ಮನೆಯ ದೇವರ ಪೆಟ್ಟಿಗೆಯಲ್ಲಿ, ಪಂಚಾಂಗಗಳ ಅಡಿ, ಅವರ ಪೆನ್ಷನ್ ಪುಸ್ತಕ ಇತ್ತು. ಅರ್ಧ ಹುಳ ತಿಂದಿತ್ತು. ನಂಬರ್ ನೋಡಿದೆ. ಮೆಡಲ್ ಮೇಲಿದ್ದ ನಂಬರೇ.

ಭರ್ತಿಯಾದದ್ದು 1909, ಬಿಟ್ಟದ್ದು 1927. ಹಣ ತೆಗೆದುಕೊಳ್ಳಲು ಬೇರೆ ಯಾರೋ ಬರದಿರಲಿ ಅಂತ ಗುರುತು ಬರೆದಿದ್ದರು. ಎತ್ತರ ಐದು ಅಡಿ ಆರೂವರೆ ಇಂಚು. ಎಡ ಹುಬ್ಬಿನ ಮೇಲೆ ಹಳೆ ಗಾಯದ ಕಲೆ. ಎದೆಯ ಬಲಕ್ಕೆ ಮಚ್ಚೆ.

ಆ ಸಾಲುಗಳನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ಅವರು ಪುಸ್ತಕ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ತಾವೇ ಇನ್ನೊಂದು ಸಲ ಓದಿದರು. ಆಮೇಲೆ, “ನನಗಿಂತ ಕುಳ್ಳಗಿದ್ದರು ಕಣೋ” ಅಂದರು.