ಹಗುರ ಸೈಕಲ್ ಕೊಳ್ಳುವ ಮುನ್ನ ಪೈಪ್ ನೋಡಿ

ಹಳೇ ಸ್ಟೀಲ್ ರೇಸಿಂಗ್ ಸೈಕಲ್ ಮಾರುವವರು ಅದನ್ನು ಎರಡೇ ಬೆರಳಲ್ಲಿ ಎತ್ತಿ, 'ನೋಡಿ ಸಾರ್, ಎಷ್ಟು ಹಗುರ' ಅನ್ನುತ್ತಾರೆ. ಹಗುರ ನಿಜ. ಆದರೆ ಆ ಹಗುರ ಬಂದದ್ದು ಎಲ್ಲಿಂದ? ಅಗ್ಗದ ಸ್ಟೀಲಾಗಲಿ, ದುಬಾರಿ ಸ್ಟೀಲಾಗಲಿ, ಅಷ್ಟೇ ಗಾತ್ರದ ತುಂಡಿನ ತೂಕ ಹೆಚ್ಚುಕಡಿಮೆ ಒಂದೇ. ಫ್ರೇಮ್ ಹಗುರವಾಗಬೇಕಾದರೆ ಪೈಪಿನ ಗೋಡೆ ತೆಳ್ಳಗಾಗಲೇಬೇಕು. (ಸೈಕಲ್ ಅಂಗಡಿಯಲ್ಲಿ ಟ್ಯೂಬ್ ಅಂದರೆ ಪಂಕ್ಚರ್ ಆಗುವಂಥದ್ದು. ಅದಕ್ಕೇ ಇಲ್ಲಿ ಪೈಪ್ ಅನ್ನೋಣ.)

ಒಂದು ಲೆಕ್ಕ ಹಾಕೋಣ. 28.6 ಮಿ.ಮೀ. ವ್ಯಾಸದ, 60 ಸೆಂ.ಮೀ. ಉದ್ದದ ಪೈಪ್. ಗೋಡೆ 0.9 ಮಿ.ಮೀ. ಇದ್ದರೆ ತೂಕ ಸುಮಾರು 370 ಗ್ರಾಂ. 0.5 ಮಿ.ಮೀ. ಇದ್ದರೆ ಸುಮಾರು 210 ಗ್ರಾಂ. ಉಳಿದದ್ದು 160 ಗ್ರಾಂ, ಒಂದು ಲೋಟ ನೀರಿನಷ್ಟೂ ಇಲ್ಲ! ಅದೇ ಸ್ಟೀಲಿನಲ್ಲಿ ನೆಗ್ಗುವುದನ್ನು ತಡೆಯುವ ಶಕ್ತಿ ಮಾತ್ರ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಗೋಡೆಯ ದಪ್ಪ ಅರ್ಧವಾದರೆ ಈ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ.

ಇದನ್ನು ತಯಾರಕರು ಬಹಳ ಹಿಂದೆಯೇ ಅರಿತಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ 1897ರಲ್ಲೇ ತುದಿ ದಪ್ಪ, ನಡು ತೆಳು ಇರುವ ಪೈಪಿಗೆ ಪೇಟೆಂಟ್ ಪಡೆಯಿತು. ಬೆಸುಗೆಯ ಬಿಸಿ, ತುಳಿತದ ಒತ್ತಡ ಎರಡೂ ಬೀಳುವುದು ತುದಿಗಳ ಮೇಲೆ ತಾನೇ? 1935ರಲ್ಲಿ 531 ಎಂಬ ಅವರ ಪ್ರಸಿದ್ಧ ಸ್ಟೀಲ್ ಪೈಪ್ ಬಂತು. 1970ರ ದಶಕದಲ್ಲಿ, ಬಿಸಿ ಮಾಡಿ ಗಟ್ಟಿಗೊಳಿಸಿದ 753. ಅದರಲ್ಲಿ ಕೆಲವು ಪೈಪುಗಳ ಗೋಡೆ 0.3 ಮಿ.ಮೀ. ಅಂದರೆ ಒಂದು ವಿಸಿಟಿಂಗ್ ಕಾರ್ಡಿನಷ್ಟು. ಫ್ರೇಮ್ ಕಟ್ಟುವವರು ಮೊದಲು ಮಾದರಿ ಬೆಸುಗೆ ಮಾಡಿ ಕಳಿಸಿ, ಅದು ಪಾಸಾದ ಮೇಲೇ 753 ಸಿಗುತ್ತಿತ್ತು.

ಸೀಟ್ ಎತ್ತಿ ಅಳೆಯಿರಿ

ಮೊದಲು ಸೀಟಿನ ಬೋಲ್ಟ್ ಸಡಿಲಿಸಿ, ಸೀಟ್ ಪೋಸ್ಟನ್ನು ಪೂರ್ತಿ ಹೊರಗೆಳೆಯಿರಿ. ಬಾರದೇ ಹೋದರೆ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ನಾನಾದರೆ ಅಲ್ಲೇ ಕೈಮುಗಿದು ಬರುತ್ತೇನೆ.

ಹೊರಬಂದರೆ, ಪೋಸ್ಟಿನ ಮೇಲೆ ಒತ್ತಿದ ಅಂಕಿ ನೋಡಿ. ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಹಳೇ ಫ್ರೇಮಿನಲ್ಲಿ ಈ ಪೋಸ್ಟ್ ಒಳಗೆ ಕೂರುವ ಸೀಟ್ ಪೈಪಿನ ಹೊರ ವ್ಯಾಸ ಸಾಮಾನ್ಯವಾಗಿ 28.6 ಮಿ.ಮೀ. ಪೋಸ್ಟ್ 27.2 ಇದ್ದರೆ ಆ ಜಾಗದಲ್ಲಿ ಗೋಡೆ ಸುಮಾರು 0.6 ಮಿ.ಮೀ. ಪೋಸ್ಟ್ 25.4 ಇದ್ದರೆ ಗೋಡೆ ಒಂದೂವರೆ ಮಿ.ಮೀ. ಹತ್ತಿರ, ಅಂದರೆ ಮಾಮೂಲಿ ದಪ್ಪ ಪೈಪ್. ಪೈಪಿನ ಹೆಸರು ಬರೆದ ಸ್ಟಿಕ್ಕರ್ ಸುಳ್ಳು ಹೇಳಬಹುದು, ಈ ಅಳತೆಯನ್ನು ಏಮಾರಿಸುವುದು ಕಷ್ಟ.

ಹೆಬ್ಬೆರಳು ಎಳೆಯಿರಿ

ಹ್ಯಾಂಡಲ್ ಹಿಂದೆ, ಮೇಲಿನ ಬಾರ್ ಮತ್ತು ಇಳಿಜಾರು ಪೈಪಿನ ಕೆಳಭಾಗದಲ್ಲಿ ಹೆಬ್ಬೆರಳನ್ನು ನಿಧಾನವಾಗಿ ಸರಿಸಿ. ಅಲೆ ಎದ್ದ ಹಾಗೆ ಕೈಗೆ ಸಿಕ್ಕಿದರೆ ಆ ಸೈಕಲ್ ಮುಂದಿನಿಂದ ಎಲ್ಲೋ ಗುದ್ದಿದೆ. ಬೇಡವೇ ಬೇಡ. ಪೇಂಟಿನಲ್ಲಿ ಗೆರೆಯಂತೆ ಕಾಣುವ ತುಕ್ಕಿನ ಅಡಿ ಬಿರುಕು ಇರಬಹುದು. ಬೆಸುಗೆಯ ಅಂಚಿನಲ್ಲಿ, ಪೆಡಲ್ ಅಚ್ಚಿನ ಸುತ್ತ ಟಾರ್ಚ್ ಹಿಡಿದು ನೋಡಿ.

ಬಾರ್ ನಡುವೆ ಇರುವ ಸಣ್ಣ ನೆಗ್ಗು ಬೇರೆ ಮಾತು. ನನ್ನ ಸೈಕಲ್ಲಿಗೆ ಅಂಥದ್ದೊಂದಿದೆ. ಪಕ್ಕದ ಸೈಕಲ್ ವಾಲಿ ಅದರ ಹ್ಯಾಂಡಲ್ ತಗುಲಿತು, ಅಷ್ಟೇ. ಓಡಿಸುವಾಗ ಏನೂ ಆಗದ ಪೈಪು ಸುಮ್ನೆ ನಿಂತಿದ್ದಾಗ ನೆಗ್ಗಿತು! ತೆಳು ಸ್ಟೀಲಿನ ಸ್ವಭಾವವೇ ಅದು. ನೆಗ್ಗು ಚೂಪಾಗಿಲ್ಲದಿದ್ದರೆ, ಬೆಸುಗೆಯಿಂದ ದೂರವಿದ್ದರೆ, ಬೆಳೆಯದಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಬೆಲೆ ಮಾತ್ರ ಇಳಿಸಿ ಕೇಳುತ್ತೇನೆ.

ದಾರ ಕಟ್ಟಿ

ಹಿಂದಿನ ಚಕ್ರ ಬಿಚ್ಚಿ. ಅಚ್ಚು ಕೂರುವ ಒಂದು ಕಚ್ಚಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪನ್ನು ಸುತ್ತಿಸಿ, ಇನ್ನೊಂದು ಕಚ್ಚಿಗೆ ಬಿಗಿಯಾಗಿ ತನ್ನಿ. ದಾರಕ್ಕೂ ಸೀಟ್ ಪೈಪಿಗೂ ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು. ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಪರವಾಗಿಲ್ಲ. ಜಾಸ್ತಿ ಇದ್ದರೆ ಫ್ರೇಮ್ ಸೊಟ್ಟ. 531ನ್ನು ಅನುಭವಿಗಳು ಬಗ್ಗಿಸಿ ಸರಿಮಾಡುತ್ತಾರೆ. 753ನ್ನು ಹಾಗೆ ಬಗ್ಗಿಸಬಾರದು.

ತಂದ ಮೇಲೆ

ಹಿಂದೆ ಕ್ಯಾರಿಯರ್, ಎರಡೂ ಕಡೆ ಬ್ಯಾಗು ಹಾಕಿ ಊರೂರು ಸುತ್ತುವ ಆಸೆಯಿದ್ದರೆ ಇಂಥ ಫ್ರೇಮ್ ಬೇಡ, ದಪ್ಪ ಪೈಪಿನ ಟೂರಿಂಗ್ ಸೈಕಲ್ ಹುಡುಕಿ. ಹಗುರದ್ದೇ ಬೇಕೆಂದು ತಂದಿರೋ, ರಿಪೇರಿ ಸ್ಟ್ಯಾಂಡಿಗೆ ಸಿಕ್ಕಿಸುವಾಗ ಸೀಟ್ ಪೋಸ್ಟನ್ನೇ ಹಿಡಿಸಿ. ಮೇಲಿನ ಬಾರಿಗೆ ಕ್ಲಾಂಪ್ ಹಾಕಿ ತಿರುಗಿಸಿದರೆ ಪೈಪ್ ಹಿಸುಕಿಹೋಗುತ್ತದೆ.

ತುಕ್ಕು ಒಳಗಿನಿಂದ ತಿನ್ನುತ್ತದೆ. 0.2 ಮಿ.ಮೀ. ತಿಂದರೆ ದಪ್ಪ ಪೈಪಿಗೆ ಗೊತ್ತೇ ಆಗದು, 0.4ರ ಗೋಡೆಗೆ ಅರ್ಧ ಆಯುಸ್ಸೇ ಹೋಯಿತು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಪೈಪಿನೊಳಗೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ, ಫ್ರೇಮನ್ನು ಎಲ್ಲ ಕಡೆ ಹೊರಳಿಸಿ. ಮಳೆಯಲ್ಲಿ ನೆನೆದು ಬಂದ ದಿನ ಸೀಟ್ ಪೋಸ್ಟ್ ತೆಗೆದು, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ನೀರು ಇಳಿಯಲು ಬಿಡಿ. ಪೋಸ್ಟನ್ನು ವಾಪಸ್ ಹಾಕುವಾಗ ಗ್ರೀಸ್ ಮರೆಯಬೇಡಿ.